ಮಣ್ಣೋ ಬೆಂಕಿಯೋ: ಶವಸಂಸ್ಕಾರದ ಬಗ್ಗೆ ಕ್ರೈಸ್ತ ಸಭೆಗಳು ನಿಜವಾಗಿ ಏನು ಹೇಳುತ್ತವೆ

ಕ್ರೈಸ್ತರೊಬ್ಬರು ತೀರಿಕೊಂಡಾಗ ದೇಹವನ್ನು ಸುಡಬಹುದೇ? ಚುಟುಕಾದ ಉತ್ತರ ಬೇಕೆನ್ನುವವರಿಗೆ ಇಷ್ಟು ಹೇಳಬಹುದು: ಕಥೋಲಿಕ ಧರ್ಮಸಭೆ 1963ರಿಂದ ಅನುಮತಿ ಕೊಟ್ಟಿದೆ, ಆದರೂ ಹೂಳುವುದೇ ಮೇಲು ಎನ್ನುತ್ತದೆ. ಬಹುಪಾಲು ಪ್ರಾಟೆಸ್ಟೆಂಟ್ ಸಭೆಗಳು ಅದನ್ನು ಮನೆಯವರ ವಿವೇಕಕ್ಕೆ ಬಿಟ್ಟಿವೆ. ಆರ್ಥೊಡಾಕ್ಸ್ (ಪೂರ್ವ ಪರಂಪರೆಯ) ಸಭೆಗಳು ಒಪ್ಪುವುದಿಲ್ಲ, ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ ಸಹಿಸಿಕೊಳ್ಳುತ್ತವೆ. ಉತ್ತರ ಸರಿಯೇ, ಆದರೆ ಸಾವಾದ ಮನೆಯವರಿಗೆ ಇದು ಸಾಲುವುದಿಲ್ಲ. ಬಲಿಪೂಜೆ (ದೇವಾಲಯದಲ್ಲಿ ಗುರುಗಳು ಅರ್ಪಿಸುವ ಮುಖ್ಯ ಆರಾಧನೆ) ದಹನಕ್ಕೆ ಮೊದಲೋ ಆಮೇಲೋ, ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ, ಮಕ್ಕಳು ಹಂಚಿಕೊಳ್ಳಬಹುದೇ, ನೀರಿಗೆ ಬಿಡಬಹುದೇ? ಮನಸ್ತಾಪ ಹುಟ್ಟುವುದೆಲ್ಲ ಇಂಥ ಪ್ರಶ್ನೆಗಳಲ್ಲಿ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡುವುದು ಒಳ್ಳೆಯದು. ಬೆಂಕಿಗೆ ಸಿಕ್ಕ ದೇಹವನ್ನು ದೇವರು ಕೊನೆಯ ದಿನ ಮತ್ತೆ ಜೀವಕ್ಕೆ ಎಬ್ಬಿಸಲಾರನು, ಎಂದರೆ ಅದಕ್ಕೆ ಪುನರುತ್ಥಾನವಿಲ್ಲ ಎಂದು ಯಾವ ಪ್ರಮುಖ ಸಭೆಯೂ ಕಲಿಸಿಲ್ಲ. ಸುಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದ ಕಾಲದಲ್ಲೂ ಕಲಿಸಲಿಲ್ಲ. ಸತ್ತವರ ದೇಹಕ್ಕೆ ನಾವು ಮಾಡುವ ಕೆಲಸ ನಮ್ಮ ನಂಬಿಕೆಯ ಬಗ್ಗೆ ಏನನ್ನು ಸಾರುತ್ತದೆ ಎಂಬುದೇ ಎರಡು ಸಾವಿರ ವರ್ಷಗಳ ಈ ಚರ್ಚೆಯ ತಿರುಳು. ಇದನ್ನು ಹಿಡಿದುಕೊಂಡರೆ, ಪರಸ್ಪರ ವಿರುದ್ಧವಾಗಿ ಕಾಣುವ ಹಲವು ನಿಯಮಗಳು ಅರ್ಥವಾಗುತ್ತವೆ.

ಬೈಬಲಿನಲ್ಲಿ ಇರುವುದು ಮತ್ತು ಇಲ್ಲದಿರುವುದು

ಸುಡಬಾರದು ಎಂಬ ಆಜ್ಞೆ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಎಲ್ಲರನ್ನೂ ಹೂಳಲೇಬೇಕು ಎಂಬ ಆಜ್ಞೆಯೂ ಇಲ್ಲ. ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ, ಮರಣದಂಡನೆಗೆ ಗುರಿಯಾಗಿ ಮರಕ್ಕೆ ತೂಗುಹಾಕಿದವನ ಶವವನ್ನು ರಾತ್ರಿಯೆಲ್ಲ ಹಾಗೇ ಬಿಡದೆ ಅದೇ ದಿನ ಹೂಳಬೇಕೆಂಬ ನಿಯಮವೊಂದಿದೆ. ಅದು ಆ ಸಂದರ್ಭಕ್ಕೆ ಸೀಮಿತ.

ಆದರೆ ರೂಢಿ ಬಹಳ ಸ್ಪಷ್ಟವಾಗಿದೆ. ಹೆಂಡತಿ ಸಾರಳು ತೀರಿಕೊಂಡಾಗ ಮೂಲಪಿತೃ ಅಬ್ರಹಾಮ ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಂಡ. ವಾಗ್ದಾನದ ನಾಡಿನಲ್ಲಿ ಅವನು ಹಣ ಕೊಟ್ಟು ಪಡೆದ ಭೂಮಿ ಒಂದು ಸಮಾಧಿಗಾಗಿ ಎಂಬುದನ್ನು ವ್ಯಾಖ್ಯಾನಕಾರರು ಮತ್ತೆಮತ್ತೆ ಎತ್ತಿ ತೋರಿಸುತ್ತಾರೆ. ಯೋಸೇಫ ಐಗುಪ್ತದಲ್ಲಿ (ಈಜಿಪ್ಟ್) ಸಾಯುವ ಮೊದಲು ತನ್ನ ಎಲುಬುಗಳನ್ನು ಒಯ್ಯುವುದಾಗಿ ಬಂಧುಗಳಿಂದ ಪ್ರಮಾಣ ಮಾಡಿಸಿಕೊಂಡ. ಮೋಶೆ ಅವನ್ನು ಹೊತ್ತು ಹೊರಟ, ಕೊನೆಗೆ ಅವು ಶೆಕೆಮಿನಲ್ಲಿ ಮಣ್ಣು ಸೇರಿದವು.

ಬೆಂಕಿ ಬರುವುದು ಹೆಚ್ಚಾಗಿ ಶಿಕ್ಷೆಯ ಸಂದರ್ಭದಲ್ಲಿ. ಯೆಹೋಶುವನ ಪುಸ್ತಕದ 7ನೇ ಅಧ್ಯಾಯದಲ್ಲಿ ಆಕಾನನನ್ನು ಕಲ್ಲೆಸೆದು ಕೊಂದ ಮೇಲೆ ಸುಡುತ್ತಾರೆ. ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದಕ್ಕಾಗಿ ಮೋವಾಬ್ಯರಿಗೆ ತೀರ್ಪು ಬರುವುದನ್ನು ಆಮೋಸನ 2ನೇ ಅಧ್ಯಾಯ ಹೇಳುತ್ತದೆ. ಇದಕ್ಕೆ ಹೊರತಾದ ಒಂದು ಘಟನೆ 1 ಸಮುವೇಲದ ಕೊನೆಯಲ್ಲಿದೆ. ಫಿಲಿಷ್ಟಿಯರು ಗೋಡೆಗೆ ತೂಗುಹಾಕಿದ್ದ ಇಸ್ರಾಯೇಲಿನ ಅರಸ ಸೌಲನ ಮತ್ತು ಅವನ ಮಕ್ಕಳ ಶವಗಳನ್ನು ಯಾಬೇಷ್ ಗಿಲ್ಯಾದಿನ ಜನ ರಾತ್ರೋರಾತ್ರಿ ತಂದು ಸುಟ್ಟರು, ಎಲುಬುಗಳನ್ನು ಮರದಡಿ ಹೂಳಿ ಏಳು ದಿನ ಉಪವಾಸವಿದ್ದರು. ಇಲ್ಲಿ ಬೆಂಕಿಯಲ್ಲಿ ಅವಮಾನವಿಲ್ಲ. ಸೌಲನ ನಂತರ ಅರಸನಾದ ದಾವೀದ ಆ ಜನರನ್ನು ಆಶೀರ್ವದಿಸುತ್ತಾನೆ. ಸುಡುವುದು ತನ್ನಷ್ಟಕ್ಕೆ ಪಾಪವಲ್ಲ ಎನ್ನುವವರಿಗೆ ಬೈಬಲಿನಲ್ಲಿ ಸಿಗುವ ಗಟ್ಟಿ ಆಧಾರ ಇದೇ. ಆದರೆ ಸುಟ್ಟ ಮೇಲೂ ಎಲುಬುಗಳನ್ನು ಹೂಳಲಾಯಿತು ಎಂಬುದನ್ನು ಮರೆಯಬಾರದು. ಇಂದಿನ ನಿಯಮಗಳು ಹೆಚ್ಚುಕಡಿಮೆ ಇದೇ ಜಾಡಿನಲ್ಲಿವೆ.

ಹೊಸ ಒಡಂಬಡಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾದರಿ ಯೇಸುವಿನ ಸಮಾಧಿ. ಅರಿಮಥಾಯದ ಯೋಸೇಫ ದೇಹವನ್ನು ಕೇಳಿ ಪಡೆದ, ನಿಕೊದೇಮ ರಕ್ತಬೋಳ ಮತ್ತು ಅಗರು ತಂದ. ಆ ಸಮಾಧಿ ಮಣ್ಣಿನ ಗುಂಡಿಯಾಗಿರಲಿಲ್ಲ, ಬಂಡೆಯಲ್ಲಿ ಕೊರೆದ ಕೋಣೆಯಾಗಿತ್ತು. ಆ ಕಾಲದ ಯೆರೂಸಲೇಮಿನಲ್ಲಿ ದೇಹವನ್ನು ಅಂಥ ಕೋಣೆಯಲ್ಲಿ ಮಲಗಿಸಿ, ಮಾಂಸ ಕರಗಿದ ಮೇಲೆ ಎಲುಬುಗಳನ್ನು ಆರಿಸಿ ಕಲ್ಲಿನ ಪೆಟ್ಟಿಗೆಯಲ್ಲಿಡುವ ಪದ್ಧತಿ ಇತ್ತು. ಪೆಟ್ಟಿಗೆಯಲ್ಲಿ ಮಲಗಿಸಿ ಆರಡಿ ಆಳದಲ್ಲಿ ಹೂಳಿ ಮತ್ತೆಂದೂ ಮುಟ್ಟದಿರುವುದೊಂದೇ ಕ್ರೈಸ್ತ ವಿಧಾನ ಎಂಬ ವಾದ ಇಲ್ಲಿಯೇ ಸಡಿಲವಾಗುತ್ತದೆ.

ಅಪೊಸ್ತಲ ಪೌಲನ ವಾದ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿದೆ: ಬಿತ್ತುವುದು ಬರಿಯ ಕಾಳು, ಏಳುವುದು ದೇವರು ಕೊಡುವ ದೇಹ. ಹೂಳುವ ಪಕ್ಷದವರು ಇಲ್ಲಿ ಬಿತ್ತನೆಯನ್ನು ಕಾಣುತ್ತಾರೆ, ಎಂದರೆ ದೇಹವನ್ನು ಮಣ್ಣಿಗೆ ಕೊಡುವ ಕ್ರಿಯೆಯೇ ಪುನರುತ್ಥಾನದ ಸಾಕ್ಷಿ. ಇನ್ನೊಂದು ಪಕ್ಷ ಅದೇ ವಾಕ್ಯದಲ್ಲಿ ದೇವರ ಸ್ವಾತಂತ್ರ್ಯವನ್ನು ಕಾಣುತ್ತದೆ: ಬಿತ್ತಿದ್ದು ಹೇಗೇ ಇದ್ದರೂ ಏಳುವುದು ಆತನ ಕೊಡುಗೆ. ಎರಡೂ ಪಠ್ಯಕ್ಕೆ ನಿಷ್ಠವಾದ ಓದುಗಳೇ. ಅದಕ್ಕೇ ಬೈಬಲಿನ ವಾಕ್ಯಗಳನ್ನು ಎದುರುಬದುರು ನಿಲ್ಲಿಸಿ ಈ ವಾದವನ್ನು ಗೆಲ್ಲಲು ಆಗುವುದಿಲ್ಲ.

ನಿಷೇಧ ಹುಟ್ಟಿದ್ದು ಏಕೆ

ಆದಿಕ್ರೈಸ್ತರು ಬದುಕಿದ್ದ ರೋಮನ್ ಜಗತ್ತಿನಲ್ಲಿ ಸುಡುವುದು ಸಾಮಾನ್ಯವಾಗಿತ್ತು. ಕ್ರೈಸ್ತರು ಯೆಹೂದ್ಯರಂತೆ ಹೂಳಿದರು, ರೋಮಿನ ನೆಲದಡಿಯಲ್ಲಿ ಉದ್ದುದ್ದ ಸುರಂಗಗಳನ್ನು ಕೊರೆದು ತಮ್ಮವರನ್ನು ಮಲಗಿಸಿದರು. ಬೆಂಕಿಯ ಭಯವೇ ಇದಕ್ಕೆ ಕಾರಣವೇ ಎಂದು ಆಗಲೇ ಪ್ರಶ್ನೆ ಎದ್ದಿತ್ತು. ಮಿನೂಸಿಯಸ್ ಫೆಲಿಕ್ಸ್ ಎಂಬ ಲೇಖಕನ ಉತ್ತರದ ಸಾರ ಇದು: ಯಾವ ರೀತಿಯ ಶವಸಂಸ್ಕಾರದಿಂದಲೂ ನಮಗೆ ನಷ್ಟವಾಗುತ್ತದೆಂಬ ಅಂಜಿಕೆಯಿಲ್ಲ, ಹಳೆಯದೂ ಒಳ್ಳೆಯದೂ ಆದ ಪದ್ಧತಿಯೆಂದು ಹೂಳುತ್ತೇವೆ. ಇಂದಿನ ಕಥೋಲಿಕ ನಿಲುವಿಗೆ ಇದು ಆಶ್ಚರ್ಯವಾಗುವಷ್ಟು ಹತ್ತಿರವಿದೆ.

177ರಲ್ಲಿ ಲಿಯಾನ್ ನಗರದಲ್ಲಿ ಕ್ರೈಸ್ತರನ್ನು ಕೊಂದವರು ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆದರು. ಇವರಿಗೆ ಪುನರುತ್ಥಾನದ ಆಸೆಯೇ ಉಳಿಯಬಾರದು ಎಂಬುದು ಅವರ ಉದ್ದೇಶವಾಗಿತ್ತೆಂದು ಚರಿತ್ರಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. ಬೆಂಕಿಯನ್ನು ನಂಬಿಕೆಯ ವಿರುದ್ಧದ ಘೋಷಣೆಯಾಗಿ ಬಳಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು. ನೋವಿನ ಸಂಗತಿಯೆಂದರೆ, ಮುಂದೆ ಧರ್ಮಸಭೆಯೇ ಅದೇ ಭಾಷೆಯನ್ನು ಬಳಸಿತು. ಧರ್ಮಸಭೆಯ ಸುಧಾರಣೆಗೆ ಕರೆಕೊಟ್ಟ ಬೋಹೀಮಿಯದ ಗುರು ಯಾನ್ ಹುಸ್‌ನನ್ನು 1415ರಲ್ಲಿ ಸುಟ್ಟು ಬೂದಿಯನ್ನು ರೈನ್ ನದಿಗೆ ಹಾಕಲಾಯಿತು. ಇಂಗ್ಲೆಂಡಿನ ಸುಧಾರಕ ಜಾನ್ ವಿಕ್ಲಿಫ್ ಸತ್ತು ದಶಕಗಳಾದ ಮೇಲೆ, 1428ರಲ್ಲಿ, ಅವನ ಎಲುಬುಗಳನ್ನು ಅಗೆದು ತೆಗೆದು ಸುಡಲಾಯಿತು. 1431ರಲ್ಲಿ ಫ್ರೆಂಚ್ ಯುವತಿ ಜೋನ್ ಆಫ್ ಆರ್ಕ್‌ಳನ್ನು ಸುಟ್ಟು ಬೂದಿಯನ್ನು ಸೇನ್ ನದಿಗೆ ಚೆಲ್ಲಿದರು. 1920ರಲ್ಲಿ ಅದೇ ಧರ್ಮಸಭೆ ಅವಳನ್ನು ಸಂತಳೆಂದು ಸಾರಿತು. ಸಮಾಧಿಯಿಲ್ಲದವರಿಗೆ ಪುನರುತ್ಥಾನವಿಲ್ಲ ಎಂದು ಹೇಳುವವರಿಗೆ ಈ ಒಂದು ಉದಾಹರಣೆ ಸಾಕು.

ಸಿದ್ಧಾಂತದ ಮಟ್ಟದಲ್ಲಿ ಸಂತ ಅಗಸ್ಟೀನ ಐದನೆಯ ಶತಮಾನದಲ್ಲೇ ದಾರಿ ತೋರಿಸಿದ್ದ. ನೋಲ ಪಟ್ಟಣದ ಧರ್ಮಾಧ್ಯಕ್ಷ (ಬಿಷಪ್) ಪೌಲಿನಸ್ ಕೇಳಿದ ಪ್ರಶ್ನೆಗೆ ಉತ್ತರವಾಗಿ ಸತ್ತವರ ಆರೈಕೆಯ ಕುರಿತೇ ಅವನು ಒಂದು ಕಿರುಗ್ರಂಥ ಬರೆದ. ಶವಸಂಸ್ಕಾರದ ವೈಭವ ಸತ್ತವರಿಗೆ ನೆರವಾಗುವುದಕ್ಕಿಂತ ಬದುಕಿದ್ದವರಿಗೆ ಸಮಾಧಾನ ಕೊಡುತ್ತದೆ, ಸಮಾಧಿ ಸಿಗದ ವಿಶ್ವಾಸಿಗೆ ಏನೂ ನಷ್ಟವಿಲ್ಲ; ಹಾಗೆಂದು ಪವಿತ್ರಾತ್ಮ ಬಳಸಿಕೊಂಡ ದೇಹವನ್ನು ತಾತ್ಸಾರ ಮಾಡಲೂ ಬಾರದು ಎಂಬುದು ಅವನ ಮಾತಿನ ಸಾರ. ಅವನ ತಾಯಿ ಮೋನಿಕಳು ಗಂಡನ ಪಕ್ಕದಲ್ಲಿ ಜಾಗ ಸಿದ್ಧಮಾಡಿಕೊಂಡಿದ್ದರೂ, 387ರಲ್ಲಿ ಒಸ್ತಿಯದಲ್ಲಿ ಸಾಯುವಾಗ, ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಎಂದಳು.

ಆಧುನಿಕ ನಿಷೇಧದ ಕಥೆ ಬೇರೆ. 19ನೇ ಶತಮಾನದ ಕೊನೆಯಲ್ಲಿ ಯುರೋಪಿನ ನಗರಗಳ ಸ್ಮಶಾನಗಳು ತುಂಬಿಹೋಗಿದ್ದವು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಬ್ರುನೆಟ್ಟಿ ಎಂಬ ಪ್ರಾಧ್ಯಾಪಕ ಶವದಹನದ ಕುಲುಮೆಯ ಮಾದರಿಯನ್ನಿಟ್ಟ, 1876ರಲ್ಲಿ ಮಿಲಾನಿನಲ್ಲಿ ಚಿತಾಗಾರ ತೆರೆಯಿತು. ಆರೋಗ್ಯದ ಕಾರಣ ಕೊಟ್ಟವರ ಜೊತೆಗೆ, ಇಟಲಿ ಮತ್ತು ಫ್ರಾನ್ಸಿನಲ್ಲಿ ಧರ್ಮಸಭೆಯನ್ನು ವಿರೋಧಿಸುವ ಸಂಘಗಳು ದಹನವನ್ನು ತಮ್ಮ ಬಾವುಟ ಮಾಡಿಕೊಂಡವು. 1886ರಲ್ಲಿ ವ್ಯಾಟಿಕನ್ ದಹನ ಸಂಘಗಳಿಗೆ ಸೇರುವುದನ್ನೂ ದೇಹವನ್ನು ಸುಡುವಂತೆ ಬರೆದಿಡುವುದನ್ನೂ ನಿಷೇಧಿಸಿತು. ಧರ್ಮಸಭೆಯ 1917ರ ಕಾನೂನು ಸಂಹಿತೆ ಅದನ್ನು ಗಟ್ಟಿಮಾಡಿತು. ವಿರೋಧ ಇದ್ದದ್ದು ಬಾವುಟಕ್ಕೆ. ಆ ಬಾವುಟ ಇಳಿದು, ಜನ ಜಾಗದ ಅಭಾವ ಅಥವಾ ಖರ್ಚಿನ ಕಾರಣಕ್ಕೆ ಸುಡತೊಡಗಿದಾಗ, 1963ರ ಜುಲೈ 5ರ ಸೂಚನೆಯ ಮೂಲಕ ನಿಷೇಧವೂ ಸಡಿಲವಾಯಿತು.

ಕಥೋಲಿಕ ನಿಯಮ: ಬೂದಿಯ ವಿಷಯದಲ್ಲಿ ಬಿಗಿ

1983ರ ಕಾನೂನು ಸಂಹಿತೆಯ 1176ನೇ ನಿಯಮದಂತೆ ಹೂಳುವ ಪುಣ್ಯ ಪದ್ಧತಿಯನ್ನು ಉಳಿಸಿಕೊಳ್ಳಲು ಧರ್ಮಸಭೆ ಒತ್ತಾಯದಿಂದ ಶಿಫಾರಸು ಮಾಡುತ್ತದೆ. ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ಆರಿಸಿಕೊಂಡಿದ್ದರೆ ಹೊರತು ದಹನವನ್ನು ನಿಷೇಧಿಸುವುದಿಲ್ಲ. ಅಂಥ ಕಾರಣಕ್ಕೆ ಆರಿಸಿಕೊಂಡವರಿಗೆ, ಸಾಯುವ ಮೊದಲು ಪಶ್ಚಾತ್ತಾಪದ ಸೂಚನೆ ಕಾಣದಿದ್ದರೆ, 1184ನೇ ನಿಯಮದಂತೆ ಧರ್ಮಸಭೆಯ ಅಂತ್ಯಸಂಸ್ಕಾರವಿಲ್ಲ. ಖರ್ಚು, ಜಾಗ, ಸೋಂಕು, ದೂರದೇಶದಿಂದ ದೇಹ ತರಲಾಗದ ಸ್ಥಿತಿ, ಇವು ಯಾವುವೂ ಬೋಧನೆಗೆ ವಿರುದ್ಧವಲ್ಲ.

ಹೆಚ್ಚು ಜನ ಎಡವುವುದು ಇದರ ಮುಂದಿನ ಹಂತದಲ್ಲಿ. 2016ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯ ಪ್ರಕಾರ ಬೂದಿಯನ್ನು ಪವಿತ್ರ ಸ್ಥಳದಲ್ಲಿ, ಎಂದರೆ ಸ್ಮಶಾನ, ದೇವಾಲಯ ಅಥವಾ ಇದಕ್ಕೆಂದೇ ಮೀಸಲಾದ ಜಾಗದಲ್ಲಿ ಇಡಬೇಕು. ಗಾಳಿಗೆ, ನೆಲಕ್ಕೆ, ನೀರಿಗೆ ಚೆಲ್ಲುವಂತಿಲ್ಲ. ಒಡವೆಯಲ್ಲೋ ನೆನಪಿನ ವಸ್ತುವಿನಲ್ಲೋ ಸೇರಿಸುವಂತಿಲ್ಲ. ಮನೆಮಂದಿ ಹಂಚಿಕೊಳ್ಳುವಂತಿಲ್ಲ. ಮನೆಯಲ್ಲಿ ಇಡಲು, ಅದೂ ಗಂಭೀರವಾದ ಅಪರೂಪದ ಸಂದರ್ಭದಲ್ಲಿ, ಧರ್ಮಾಧ್ಯಕ್ಷರ ಅನುಮತಿ ಬೇಕು. ಕೊಟ್ಟಿರುವ ಕಾರಣಗಳು ಓದಲು ಯೋಗ್ಯವಾಗಿವೆ: ಸಾವು ಎಂದರೆ ಪೂರ್ತಿ ಇಲ್ಲವಾಗುವುದು, ಪ್ರಕೃತಿಯಲ್ಲಿ ಕರಗಿಹೋಗುವುದು, ಅಥವಾ ದೇಹವೆಂಬ ಸೆರೆಮನೆಯಿಂದ ಬಿಡುಗಡೆ ಎಂಬ ಅರ್ಥ ಬರಬಾರದು. ಸತ್ತವರು ಒಂದು ಕುಟುಂಬದ ಖಾಸಗಿ ಸ್ವತ್ತಾಗದೆ ಇಡೀ ಸಭೆಯ ಪ್ರಾರ್ಥನೆಯಲ್ಲಿ ಉಳಿಯಬೇಕು, ಒಂದು ತಲೆಮಾರು ಕಳೆದ ಮೇಲೆ ಮರೆಯಾಗಬಾರದು. ಈ ಕೊನೆಯ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಪಾಟಿನ ಮೇಲಿಟ್ಟ ಕಲಶ ಮಕ್ಕಳ ಕಾಲಕ್ಕೆ ಪೂಜ್ಯ, ಮೊಮ್ಮಕ್ಕಳ ಕಾಲಕ್ಕೆ ಏನು ಮಾಡಬೇಕೆಂದು ತೋಚದ ವಸ್ತು.

2023ರ ಡಿಸೆಂಬರಿನಲ್ಲಿ, ಬೊಲೋನ್ಯಾದ ಕಾರ್ಡಿನಲ್ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತಾ ವ್ಯಾಟಿಕನ್ ಎರಡು ವಿಷಯ ಸೇರಿಸಿತು. ಹಲವರ ಬೂದಿಯನ್ನು ಒಟ್ಟಿಗೆ ಇಡುವ ಶಾಶ್ವತವಾದ ಪವಿತ್ರ ಜಾಗವನ್ನು ಮಾಡಬಹುದು, ಆದರೆ ಪ್ರತಿಯೊಬ್ಬರ ಹೆಸರೂ ಅಲ್ಲಿ ದಾಖಲಾಗಿರಬೇಕು. ಸತ್ತವರ ಬದುಕಿನಲ್ಲಿ ಅರ್ಥಪೂರ್ಣವಾಗಿದ್ದ ಜಾಗದಲ್ಲಿ ಬೂದಿಯ ತೀರ ಸಣ್ಣ ಅಂಶವನ್ನು ಇಡಲು ಕುಟುಂಬ ಕೇಳಿದರೆ, ತಪ್ಪು ಅರ್ಥಕ್ಕೆ ಎಡೆಯಿಲ್ಲದಿದ್ದರೆ ಅದನ್ನು ಪರಿಗಣಿಸಬಹುದು. ಇದನ್ನು ಹಂಚಿಕೊಳ್ಳಲು ಸಿಕ್ಕ ಅನುಮತಿ ಎಂದು ಓದುವುದು ತಪ್ಪು; ತೀರ್ಮಾನ ಧರ್ಮಸಭೆಯ ಅಧಿಕಾರಿಗಳದ್ದು.

ಸಮುದ್ರದ ವಿಷಯದಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಬೂದಿಯನ್ನು ನೀರಿನ ಮೇಲೆ ಚೆಲ್ಲುವಂತಿಲ್ಲ, ಆದರೆ ಭಾರವಾದ ಮುಚ್ಚಿದ ಪಾತ್ರೆಯಲ್ಲಿಟ್ಟು ಮುಳುಗಿಸುವುದನ್ನು ಜಲಸಮಾಧಿಯೆಂದು ಪರಿಗಣಿಸುತ್ತಾರೆ. ದೇಹದ ಉಳಿಕೆ ಒಂದೆಡೆ ಒಟ್ಟಾಗಿರುತ್ತದೆ ಎಂಬುದೇ ವ್ಯತ್ಯಾಸ.

ಆರ್ಥೊಡಾಕ್ಸ್ ಮತ್ತು ಪ್ರಾಟೆಸ್ಟೆಂಟ್ ನಿಲುವುಗಳು

ಆರ್ಥೊಡಾಕ್ಸ್ ವಿರೋಧವನ್ನು ಹಟವೆಂದು ತಳ್ಳಿಹಾಕಬಾರದು. ಅವರ ಅಂತ್ಯಸಂಸ್ಕಾರದ ಇಡೀ ವಿಧಿ ದೇಹದ ಸುತ್ತ ಕಟ್ಟಿದ್ದು: ತೆರೆದ ಪೆಟ್ಟಿಗೆ, ಬಂಧುಗಳ ಕೊನೆಯ ಮುತ್ತು, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು ಎಂಬ ಕೀರ್ತನೆಯ ಮಾತಿನೊಂದಿಗೆ ಗುರುಗಳು ಹಾಕುವ ಮಣ್ಣು. ಸಂತರ ಅಸ್ಥಿಗಳನ್ನು ಪೂಜ್ಯವಾಗಿ ಕಾಣುವ ಪರಂಪರೆಗೆ ದೇಹವನ್ನು ಬೇಕೆಂದೇ ನಾಶಮಾಡುವುದು ಒಗ್ಗುವುದಿಲ್ಲ. ಗ್ರೀಸಿನಲ್ಲಿ 2006ರಲ್ಲಿ ದಹನಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕರೂ ಮೊದಲ ಚಿತಾಗಾರ ಕೆಲಸ ಶುರುಮಾಡಿದ್ದು 2019ರಲ್ಲಿ. ತಾವಾಗಿ ದಹನವನ್ನು ಆರಿಸಿಕೊಂಡವರಿಗೆ ಅಲ್ಲಿನ ಸಭೆ ಅಂತ್ಯಸಂಸ್ಕಾರದ ವಿಧಿ ನಡೆಸುವುದಿಲ್ಲ. ಜಾಗ ಸಾಲದೆಂಬ ಸಮಸ್ಯೆ ಗ್ರೀಸಿನಲ್ಲೂ ಇದೆ. ಸಾಮಾನ್ಯವಾಗಿ ಮೂರು ವರ್ಷಗಳ ನಂತರ ಸಮಾಧಿ ತೆರೆದು, ಎಲುಬುಗಳನ್ನು ದ್ರಾಕ್ಷಾರಸದಲ್ಲಿ ತೊಳೆದು ಅಸ್ಥಿಗೃಹದಲ್ಲಿಡುತ್ತಾರೆ. ರಷ್ಯನ್ ಸಭೆಯ 2015ರ ದಾಖಲೆ ತುಸು ಮೃದು: ದಹನ ರೂಢಿಯಲ್ಲ, ಆದರೆ ದಹನವಾದವರನ್ನು ಪ್ರಾರ್ಥನೆಯಿಂದ ಹೊರಗಿಡುವುದಿಲ್ಲ. ದಹನವೇ ಸಾರ್ವತ್ರಿಕವಾಗಿರುವ ಜಪಾನಿನಲ್ಲಿ ಆರ್ಥೊಡಾಕ್ಸರೂ ಅದಕ್ಕೆ ಹೊಂದಿಕೊಂಡಿದ್ದಾರೆ. ಹಾಗಾಗಿ ಕೇಳಬೇಕಾದದ್ದು ತಮ್ಮ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರನ್ನೇ.

ಪ್ರಾಟೆಸ್ಟೆಂಟರಲ್ಲಿ ಕಾನೂನಿಗಿಂತ ಮನಸ್ಸಾಕ್ಷಿಗೆ ತೂಕ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ನಿಯಮಾವಳಿ ಕ್ರೈಸ್ತ ಅಂತ್ಯಸಂಸ್ಕಾರದ ಭಾಗವಾಗಿ ದಹನವನ್ನು ಸ್ಪಷ್ಟವಾಗಿ ಒಪ್ಪುತ್ತದೆ, ಬೂದಿಯನ್ನು ಗೌರವದಿಂದ ವಿಲೇವಾರಿ ಮಾಡಬೇಕೆನ್ನುತ್ತದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರ ದೇಹವನ್ನು 1944ರಲ್ಲಿ ದಹಿಸಿದ್ದು ಅಲ್ಲಿ ಬಹಳ ಜನರ ಹಿಂಜರಿಕೆ ಕಳೆಯಿತು. ಲೂಥರನ್, ಮೆಥೊಡಿಸ್ಟ್ ಮತ್ತು ಬಹುಪಾಲು ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಅಡ್ಡಿಯಿಲ್ಲ. ಹೂಳುವುದನ್ನೇ ಬಲವಾಗಿ ಬೋಧಿಸುವ ಪಾಸ್ಟರ್‌ಗಳು ಅಲ್ಲಲ್ಲಿ ಇದ್ದಾರೆ, ಅದು ಸಲಹೆಯೇ ಹೊರತು ಸಭೆಯ ಶಾಸನವಲ್ಲ.

ತೀರ್ಮಾನವಾದ ಮೇಲೆ ಮಾಡಬೇಕಾದ ಕೆಲಸ

ದಹನವೆಂದು ನಿರ್ಧಾರವಾದರೆ, ಚಿತಾಗಾರದ ಸಮಯ ಗೊತ್ತುಮಾಡುವ ಮೊದಲು ಗುರುಗಳೊಂದಿಗೆ ಮಾತಾಡಬೇಕು. ತಿರುಗುಮುರುಗಾಗಿ ಮಾಡಿದಾಗಲೇ ತೊಂದರೆ. ಕಥೋಲಿಕ ಸಭೆ ಬಯಸುವ ಕ್ರಮ ಇದು: ದೇಹವನ್ನು ದೇವಾಲಯಕ್ಕೆ ತಂದು ಬಲಿಪೂಜೆ, ಆಮೇಲೆ ದಹನ, ಕೊನೆಗೆ ಬೂದಿಯ ಸಮಾಧಿ. ತೀರ್ಥ ಪ್ರೋಕ್ಷಣೆ, ಧೂಪ ಎಲ್ಲವೂ ಸ್ನಾನದೀಕ್ಷೆ ಪಡೆದ ದೇಹಕ್ಕೆ ಸಲ್ಲುವ ಗೌರವ. ಆದ್ದರಿಂದಲೇ ದೇಹ ಅಲ್ಲಿರಬೇಕೆಂಬ ಆಸೆ. ದಹನ ಮೊದಲೇ ಆಗಿಹೋಗಿದ್ದರೆ ಬೂದಿಯನ್ನಿಟ್ಟು ಬಲಿಪೂಜೆ ನಡೆಸಲು ಸ್ಥಳೀಯ ಧರ್ಮಾಧ್ಯಕ್ಷರ ಒಪ್ಪಿಗೆ ಇದೆಯೇ ಎಂದು ವಿಚಾರಿಸಬೇಕು.

ಸುಟ್ಟ ದೇಹವನ್ನು ಮತ್ತೆ ಪರೀಕ್ಷಿಸಲಾಗದು. ಸಾವಿನ ಕಾರಣದಲ್ಲಿ ಸಂಶಯವಿದ್ದರೆ ದಹನಕ್ಕೆ ಅವಸರ ಮಾಡಬಾರದು. ಪೇಸ್‌ಮೇಕರ್ ಇದ್ದರೆ ತೆಗೆಸಲೇಬೇಕು, ಕುಲುಮೆಯ ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ. ಲೋಹದ ಶಿಲುಬೆಯನ್ನೂ ಗಾಜಿನ ಮಣಿಯ ಜಪಸರವನ್ನೂ ಪೆಟ್ಟಿಗೆ ಒಳಗೆ ಹೋಗುವ ಮೊದಲು ತೆಗೆದಿಟ್ಟುಕೊಂಡರೆ ಅವನ್ನು ಬೂದಿಯ ಜೊತೆ ಹೂಳಬಹುದು.

ಮುಚ್ಚಿದ ಕುಲುಮೆಯಲ್ಲಿ ಶಾಖ ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್, ಹಿಡಿಯುವ ಹೊತ್ತು ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆ. ಉಳಿಯುವುದು ಎಲುಬಿನ ತುಂಡುಗಳು. ಅವು ಆರಿದ ಮೇಲೆ ಮೊಳೆ, ಕೃತಕ ಕೀಲುಗಳಂಥ ಲೋಹವನ್ನು ಬೇರ್ಪಡಿಸಿ, ಯಂತ್ರದಲ್ಲಿ ಪುಡಿಮಾಡುತ್ತಾರೆ. ವಯಸ್ಕರೊಬ್ಬರದು 2ರಿಂದ 3 ಕಿಲೋ, ಒರಟು ಮರಳಿನಂತಿರುವ ಬಿಳಿಬೂದು ಪುಡಿ. ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಪಾತ್ರೆ ಸುಮಾರು 3.3 ಲೀಟರ್ ಹಿಡಿಯುವಂತಿರಬೇಕು. ಚಂದಕ್ಕೆ ಮನಸೋತು ಚಿಕ್ಕ ಪಾತ್ರೆ ಕೊಂಡು, ಮಿಕ್ಕ ಬೂದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಿಲ್ಲುವ ಪಾಡು ಯಾರಿಗೂ ಬೇಡ.

ಪಾತ್ರೆ ಯಾವುದರದ್ದಾಗಿರಬೇಕು ಎಂಬುದು ಜಾಗವನ್ನು ಅವಲಂಬಿಸಿದೆ. ಮಣ್ಣಿನಲ್ಲಿ ಹೂಳುವುದಾದರೆ ಕರಗುವ ಮರದ್ದೇ ಬೇಕೆಂದು ಕೆಲವು ಸ್ಮಶಾನಗಳು ಕೇಳುತ್ತವೆ. ಗೋಡೆಯ ಗೂಡಿನಲ್ಲಿಡುವುದಾದರೆ ತೇವ ನುಗ್ಗದ ಭದ್ರವಾದ ಮುಚ್ಚಳ ಬೇಕು. ಕುಟುಂಬದ ಹಳೆಯ ಸಮಾಧಿಯಲ್ಲೇ ಬೂದಿಗೆ ಜಾಗ ಕೊಡಬಹುದೇ ಎಂದು ಕೇಳಿ ನೋಡಿ, ಬಹಳ ಕಡೆ ಒಪ್ಪುತ್ತಾರೆ. ಗೂಡನ್ನು ಇಂತಿಷ್ಟು ವರ್ಷಕ್ಕೆಂದು ಕೊಡುತ್ತಿದ್ದರೆ, ಅವಧಿ ಮುಗಿದ ಮೇಲೆ ಬೂದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಚಿತಾಗಾರದಿಂದ ಬೂದಿ ತರುವ ದಿನವೇ ಅದನ್ನು ಸಮಾಧಿ ಮಾಡುವ ದಿನವನ್ನೂ ಗೊತ್ತುಮಾಡಿ. ಆ ದಿನ ನಿಗದಿಯಾಗದೆ ಉಳಿದರೆ ಸಂಸ್ಕಾರ ಅರ್ಧಕ್ಕೇ ನಿಲ್ಲುತ್ತದೆ, ದುಃಖವೂ ಅಲ್ಲಿಯೇ ನಿಲ್ಲುತ್ತದೆ.

ಹೊಸ ವಿಧಾನಗಳೂ ಬಂದಿವೆ. ಕ್ಷಾರದ ಬಿಸಿನೀರಿನಲ್ಲಿ ದೇಹವನ್ನು ಕರಗಿಸಿ ಎಲುಬನ್ನು ಮಾತ್ರ ಉಳಿಸಿಕೊಳ್ಳುವ ವಿಧಾನವನ್ನು ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರಿಗೆ ಬಳಸಲಾಯಿತು, ಉಳಿಕೆಯನ್ನು 2022ರ ಜನವರಿಯಲ್ಲಿ ಕೇಪ್‌ಟೌನಿನ ಕೆಥೆಡ್ರಲಿನಲ್ಲಿ ಸಮಾಧಿ ಮಾಡಿದರು. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಸಿದ್ಧಾಂತ ಸಮಿತಿ 2023ರಲ್ಲಿ ಈ ವಿಧಾನವನ್ನೂ ದೇಹವನ್ನು ಗೊಬ್ಬರವಾಗಿಸುವ ವಿಧಾನವನ್ನೂ ಒಪ್ಪಲಿಲ್ಲ. ದೇಹದ ಬಹುಪಾಲು ದ್ರವವಾಗಿ ಹರಿದುಹೋಗುವಾಗ ಅಥವಾ ಮಣ್ಣಿನಲ್ಲಿ ಬೆರೆತುಹೋಗುವಾಗ, ಗೌರವದಿಂದ ಒಂದೆಡೆ ಇಡಲು ಏನು ಉಳಿಯುತ್ತದೆ ಎಂಬುದು ಅವರ ಆಕ್ಷೇಪ.

ಈ ನಿಯಮಗಳು ಗೊತ್ತಾಗುವ ಮೊದಲೇ ಬೂದಿಯನ್ನು ನದಿಗೋ ಕಡಲಿಗೋ ಬಿಟ್ಟುಬಿಟ್ಟಿರುವ ಕುಟುಂಬಗಳು ಸಾಕಷ್ಟಿವೆ. ಅವರ ಅಳುಕು ದೊಡ್ಡದು. ತಿಳಿಯದೆ ಮಾಡಿದ್ದರಿಂದ ಸತ್ತವರಿಗೆ ಏನೂ ನಷ್ಟವಾಗಿಲ್ಲ, ಅಗಸ್ಟೀನನ ಮಾತು ಇಂದಿಗೂ ಸಭೆಯ ಮಾತೇ. ಅವರ ಹೆಸರಿನಲ್ಲಿ ಬಲಿಪೂಜೆ ಅರ್ಪಿಸಬಹುದು. ಕುಟುಂಬದ ಸಮಾಧಿಕಲ್ಲಿನಲ್ಲಿ ಅವರ ಹೆಸರು ಕೆತ್ತಿಸಬಹುದೇ ಎಂದು ಸ್ಮಶಾನ ನೋಡಿಕೊಳ್ಳುವವರನ್ನು ಕೇಳಬಹುದು. ಪ್ರತಿವರ್ಷ ನವೆಂಬರ್ 2ರ ಸತ್ತವರ ಸ್ಮರಣೆಯ ದಿನ ಗುರುಗಳಿಗೆ ಹೆಸರು ಬರೆದುಕೊಟ್ಟರೆ, ಸಮಾಧಿ ಇರುವವರ ಸಾಲಿನಲ್ಲೇ ಅದನ್ನೂ ಓದುತ್ತಾರೆ.